ಬಿಡಿಭಾಗಗಳ ನೆಂಟಸ್ತನ

ಚಾಮರಾಜನಗರದ ಬಸ್ ಸ್ಟ್ಯಾಂಡ್ ಹಿಂದಿನ ರಿಪೇರಿ ಅಂಗಡಿಯಲ್ಲಿ ರಹೀಂ ಸಾಬರು ಕೂತಿರುವತನಕ ಯಾವ ಯಂತ್ರಕ್ಕೂ ನೆಮ್ಮದಿಯ ಸಾವಿಲ್ಲ. ಮಿಕ್ಸಿ, ಫ್ಯಾನು, ಹೊಲಿಗೆ ಮಷೀನು, ಬೆಳೆಗೆ ಔಷಧಿ ಹೊಡೆಯುವ ಪಂಪು, ಏನೇ ತನ್ನಿ, ಮೊದಲು ಓಡಿಸಿ ಕಿವಿಗೊಟ್ಟು ಕೇಳುತ್ತಾರೆ. ಸಣ್ಣ ಸದ್ದನ್ನೂ ಸಹಿಸುವ ಆಸಾಮಿಯಲ್ಲ. "ಇನ್ನೊಸಿ ದುಡ್ಡು ಸೇರುಸುದ್ರೆ ಹೊಸದೇ ಬತ್ತದೆ ಬುಡಿ ಸಾಬ್ರೇ" ಅಂತ ಉಡಿಗಾಲದ ಮಾದೇಶ ಅಂದನೋ, ಸ್ಕ್ರೂಡ್ರೈವರ್ ಕೆಳಗಿಟ್ಟು ಕನ್ನಡಕ ಹಣೆಗೇರಿಸುತ್ತಾರೆ. "ಹೊಸದು ಬತ್ತದೆ ಸರಿ, ಹಳೇದು ಎಲ್ಲಿಗೆ ಓಯ್ತದೆ? ನಿಮ್ಮೂರ ಕೆರೆಗೆ ತಾನೆ? ಆ ನೀರ ನಿನ್ ದನವೇ ಕುಡೀಬೇಕು ಕಣ್ಲಾ!" ಕೆಟ್ಟು ಕೂತ ಒಂದರ ಭಾಗವನ್ನು ಇನ್ನೊಂದಕ್ಕೆ ಹಾಕಿದರೆ ಅದು ಯಾರ ಮನೆಯದೆಂದು ಹೇಳದೆ ಕಳಿಸುವವರೇ ಅಲ್ಲ. "ನಿಮ್ ಮಿಕ್ಸಿಗೆ ಗುಂಡ್ಲುಪೇಟೆ ಗುರುಪಾದಸ್ವಾಮಿಯವ್ರ ಮನೆ ಮೋಟ್ರು ಹಾಕಿವ್ನಿ, ಬಸ್ಸಲ್ಲಿ ಸಿಕ್ಕುದ್ರೆ ಮಾತಾಡ್ಸಿ." ಹೀಗೆ ಅರ್ಧ ಜಿಲ್ಲೆಯೇ ಒಬ್ಬರಿಗೊಬ್ಬರು ನೆಂಟರು. ತೀರಿಹೋದ ಹೆಂಡತಿ ಕುಲ್ಸುಂ ಬಿಯ ಹೊಲಿಗೆ ಮಷೀನಿನ ಚಕ್ರವನ್ನೂ ಹರವೆಯ ಚಿಕ್ಕಮಲ್ಲಮ್ಮನ ಮಷೀನಿಗೆ ತಾವೇ ಕೂರಿಸಿಕೊಟ್ಟರು. ಆ ಚಕ್ರ ಸುತ್ತಿಗೊಮ್ಮೆ 'ಟಿಕ್' ಅನ್ನುತ್ತದೆ, ಕುಲ್ಸುಂ ಬಿಯ ಕಾಲದಿಂದಲೂ. ಗುಂಡ್ಲುಪೇಟೆಗೆ ಹೋಗುವಾಗಲೆಲ್ಲ ಸಾಬರು ಹರವೆಯಲ್ಲಿ ಇಳಿದು, ಅವಳ ಜಗಲಿಯಲ್ಲಿ ಕೂತು, "ಒಸಿ ಮಷೀನ್ ತುಳಿ ತಾಯಿ" ಅಂದು ಕಣ್ಣು ಮುಚ್ಚುತ್ತಾರೆ. "ಆ ಸದ್ದೊಂದ ಸರಿ ಮಾಡ್ಬುಡಿ ಸಾಬ್ರೇ" ಎಂದು ಚಿಕ್ಕಮಲ್ಲಮ್ಮ ಕೇಳಿದಾಗ ಮಾತ್ರ, ಜೇಬಿನಲ್ಲಿ ಸ್ಕ್ರೂಡ್ರೈವರ್ ಇಣುಕುತ್ತಿದ್ದರೂ, "ಇವತ್ತು ಸಾಮಾನು ತಂದಿಲ್ಲ ಕಣವ್ವ" ಅನ್ನುತ್ತಾರೆ.