ಗರಗಸಕ್ಕೆ ಬಳಿದ ಚಿನ್ನದ ಬಣ್ಣ

ಶಿರಸಿಯಲ್ಲಿ ನಮ್ಮ ಕೇರಿಯ ಹಳೇ ಸಾ ಮಿಲ್ ಇದ್ದ ಜಾಗದಲ್ಲಿ ಈಗ ಹೋಟೆಲ್ ಎದ್ದಿದೆ. ಮೊನ್ನೆ ಊಟಕ್ಕೆ ಹೋದರೆ, ಮಿಲ್ಲಿನ ದುಂಡು ಗರಗಸ ಚಿನ್ನದ ಬಣ್ಣ ಬಳಿಸಿಕೊಂಡು ಗೋಡೆಯ ಮೇಲೆ ಕೂತಿತ್ತು. ಜನ ಅದರ ಮುಂದೆ ಸೆಲ್ಫಿ ತೆಗೆಯುತ್ತಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು.

ಆ ಗರಗಸಕ್ಕೆ ಮರ ಕೊಡುತ್ತಿದ್ದವನು ನನ್ನಪ್ಪ. ಸಂಜೆ ಮನೆಗೆ ಬಂದರೆ ಅವನ ಕಿವಿಯೊಳಗೂ ಸಾಗವಾನಿ ಹೊಟ್ಟು. ನಮ್ಮ ಕಡೆ ದೆವ್ವ ಬಿಡಿಸುವವರು ಅದನ್ನು ಮರಕ್ಕೆ ಮೊಳೆ ಹೊಡೆದು ಕಟ್ಟಿಹಾಕುತ್ತಾರೆ. ದಿಮ್ಮಿಯೊಳಗೆ ಉಳಿದ ಅಂಥ ಮೊಳೆಗೆ ತಾಗಿದರೆ ಗರಗಸದ ಹಲ್ಲು ಮುರಿದು ಹಾರುತ್ತದೆ. ಅದಕ್ಕೇ ಅಪ್ಪ ಕೆಟ್ಟ ರೇಡಿಯೋದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ, ಪ್ರತಿ ದಿಮ್ಮಿಯ ಮೈಮೇಲೂ ನಿಧಾನವಾಗಿ ಆಡಿಸಿ ನೋಡುತ್ತಿದ್ದ.

ಒಂದು ಮಧ್ಯಾಹ್ನ ನಾನು ಬುತ್ತಿ ಕೊಡಲು ಹೋದಾಗ ಮಿಲ್ಲಿನ ಸಾಹುಕಾರರು ಅವನ ಮೇಲೆ ಕೂಗಾಡುತ್ತಿದ್ದರು.

“ಲಾರಿ ಕಾಯ್ತಾ ನಿಂತದೆ. ನಿನ್ನ ಮಂಗಾಟ ಸಾಕು, ಹಾಕು ಮರ!”

“ಐದೇ ನಿಮಿಷ ಸಾವ್ಕಾರ್ರೆ, ಇನ್ನೊಂದು ಮಗ್ಗಲು ನೋಡಿಲ್ಲ.”

“ಹಾಕು ಅಂದೆ!”

ಅಪ್ಪ ಹಾಕಿದ. ಮುರಿದ ಹಲ್ಲು ಅವನ ಎಡಗಣ್ಣು ತೆಗೆಯಿತು.

ಆಸ್ಪತ್ರೆಗೆ ಬಂದ ಸಾಹುಕಾರರು ಮಂಚದ ಪಕ್ಕ ನಿಂತು, “ನೋಡಿ ಹಾಕೂಕೆ ಎಂತಾಗಿತ್ತು ನಿಂಗೆ?” ಅಂದರು. ಅಪ್ಪ ಬ್ಯಾಂಡೇಜು ಸುತ್ತಿದ ಮುಖ ಎತ್ತಿ, “ತಪ್ಪಾತು ಸಾವ್ಕಾರ್ರೆ” ಅಂದ. ಅವರಿಬ್ಬರನ್ನೂ ನಾನು ಇವತ್ತಿಗೂ ಕ್ಷಮಿಸಿಲ್ಲ.

ಹೋಟೆಲಿನ ಗೋಡೆಯ ಹತ್ತಿರ ಹೋಗಿ ಗರಗಸದ ಒಂದೊಂದೇ ಹಲ್ಲು ಮುಟ್ಟುತ್ತ ಬಂದೆ. ವೇಟರ್ ಓಡಿಬಂದ.

“ಮುಟ್ಬೇಡಿ ಮೇಡಂ, ಕೈಗೆ ತಾಗ್ತದೆ.”

ಒಂದು ಹಲ್ಲಿರಲಿಲ್ಲ. ಅದು ಮುರಿದ ಜಾಗಕ್ಕೂ ಚಿನ್ನದ ಬಣ್ಣ ಬಳಿದಿದ್ದರು.