ಆಕ್ಸಿಜನ್ನಿನ ತೂಕ

ಅಣವೀರಪ್ಪ ಸಿಂದಗಿ ಕಡೆಯವನು, ಇರುವುದು ದಹಿಸರ್‌ನ ಒಂದು ಚಾಳಿನಲ್ಲಿ. ಕಾಂದಿವಲಿಯ ಗ್ಯಾಸ್ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಿಲಿಂಡರ್ ಸಾಗಿಸುತ್ತಾನೆ. ಆಳೆತ್ತರದ ಸಿಲಿಂಡರನ್ನು ವಾಲಿಸಿ, ಬುಡದ ಅಂಚಿನ ಮೇಲೆ ತಿರುಗಿಸುತ್ತ ಟೆಂಪೊದವರೆಗೆ ನಡೆಸಿಕೊಂಡು ಹೋಗುವ ಕೆಲಸ. ಈಗ ಮೊಣಕಾಲು ಒಲ್ಲೆ ಅನ್ನುತ್ತಿವೆ. ಗ್ಯಾಸ್ ತುಂಬುವ ವಿಭಾಗದಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅಲ್ಲಿ ಮೀಟರ್ ನೋಡುತ್ತ ಕೂತರಾಯಿತು. ಆದರೆ ಲಿಖಿತ ಪರೀಕ್ಷೆ ಪಾಸಾಗಬೇಕು.

ಹನ್ನೊಂದನೆಯ ಸೈನ್ಸ್ ಓದುವ ಮಗಳು ಹರಿಣಿಯೇ ಮಾಸ್ತರಾದಳು.

"ಪಪ್ಪಾ, ಮೋಲ್ ಅಂದ್ರೆ ಡಜನ್ ಥರಾ ಒಂದು ಎಣಿಕೆ. ಸೊನ್ನೆ ಡಿಗ್ರೀಲಿ ಯಾವ ಗ್ಯಾಸ್ ಆದ್ರೂ ಒಂದು ಮೋಲ್ ಮತ್ಲಬ್ ಇಪ್ಪತ್ತೆರಡು ಪಾಯಿಂಟ್ ನಾಲ್ಕು ಲೀಟರ್. ಒಳಗಿನ ಕಣ ಎಲ್ಲಾದ್ರಲ್ಲೂ ಅಷ್ಟೇ. ತೂಕ ಮಾತ್ರ ಅಲಗ್."

"ಒಂದ ಡಜನ್ ಲಿಂಬಿಹಣ್ಣು, ಒಂದ ಡಜನ್ ಕುಂಬಳಕಾಯಿ ಒಂದ ಬುಟ್ಟ್ಯಾಗ ಹೆಂಗ ಹಿಡಿಸ್ತಾವ ಬೇ?"

"ಗ್ಯಾಸ್‌ನಲ್ಲಿ ಹಿಡಿಸತ್ತೆ. ನಡುವೆ ಜಾಗ ಎಲ್ಲಾ ಖಾಲಿ."

ಲೋಕಲ್ ಟ್ರೈನ್‌ನಲ್ಲಿ ದಿನವೂ ಜಜ್ಜಿಹೋಗುವವನಿಗೆ ಖಾಲಿ ಜಾಗದ ಮಾತು ನಂಬಿಕೆಯಾಗಲಿಲ್ಲ. ಅರ್ಥವಾಗದ್ದನ್ನು ಬಾಯಿಪಾಠ ಮಾಡಿದ. ಲೀಟರನ್ನು ಇಪ್ಪತ್ತೆರಡು ಪಾಯಿಂಟ್ ನಾಲ್ಕರಿಂದ ಭಾಗಿಸು, ಆಕ್ಸಿಜನ್ ಆದರೆ ಮೂವತ್ತೆರಡರಿಂದ ಗುಣಿಸು, ಗ್ರಾಂ ಬರುತ್ತದೆ.

ಇಲ್ಲಿ ಒಂದು ಹಳೆಯ ಮಾತು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇವನು, ತುಂಬಿದ ಆಕ್ಸಿಜನ್ ಸಿಲಿಂಡರ್ ಖಾಲಿಯದ್ದಕ್ಕಿಂತ ಕೈಗೆ ಭಾರ ಅಂದಿದ್ದ. ಜೊತೆಗಾರ ರಾಮಪ್ಪ ಹೊಟ್ಟೆ ಹಿಡಿದು ನಕ್ಕಿದ್ದ. "ಗಾಳಿಗೂ ವಜನ ಏನೋ? ನಾಳೆ ನೆಳ್ಳೂ ತೂಗ್ತೀ ಬಿಡು." ಗೋದಾಮಿನಲ್ಲಿ ತೂಕದ ಯಂತ್ರವಿತ್ತು. ಆದರೆ ಕಿಲೊ ಲೆಕ್ಕದಲ್ಲಿ ಮಾರುವ ಕಾರ್ಬನ್ ಡೈಆಕ್ಸೈಡ್ ಮಾತ್ರ ಅದರ ಮೇಲೆ ಏರುತ್ತಿತ್ತು. ಆಕ್ಸಿಜನ್ ಮಾರುವುದು ಘನ ಮೀಟರಿನಲ್ಲಿ, ಅದನ್ನು ತೂಗುವ ಪದ್ಧತಿಯೇ ಇರಲಿಲ್ಲ. ಅಣವೀರಪ್ಪ ಆಮೇಲೆ ಆ ಮಾತೆತ್ತಲಿಲ್ಲ.

ಪರೀಕ್ಷೆಯಲ್ಲಿ ಬಂದದ್ದು ಅದೇ. ಸೊನ್ನೆ ಡಿಗ್ರಿ, ವಾತಾವರಣದ ಒತ್ತಡದಲ್ಲಿ ಏಳು ಘನ ಮೀಟರ್ ಆಕ್ಸಿಜನ್ನಿನ ತೂಕ ಎಷ್ಟು? ಏಳು ಸಾವಿರ ಲೀಟರ್ ಭಾಗಿಸಿದ, ಮುನ್ನೂರ ಹನ್ನೆರಡೂವರೆ ಮೋಲ್. ಗುಣಿಸಿದ, ಹತ್ತು ಸಾವಿರ ಗ್ರಾಂ. ಹತ್ತು ಕಿಲೊ.

ಅವನಿಗೆ ತಲೆ ಕೆಟ್ಟಿತು. ಹತ್ತು ಕಿಲೊ ಅಂದರೆ ಮನೆಗೆ ತರುವ ಅಕ್ಕಿಚೀಲ. ಗಾಳಿ ಅಷ್ಟು ತೂಗೀತೆ? ಮತ್ತೆ ಮಾಡಿದ, ಮತ್ತೆ ಅದೇ. ರಾಮಪ್ಪನ ನಗು ಕಿವಿಯಲ್ಲೇ ಕೇಳಿತು. ಎಲ್ಲೋ ಸೊನ್ನೆಗಳು ಹೆಚ್ಚು ಬಿದ್ದಿವೆ ಅಂದುಕೊಂಡು ಉತ್ತರಕ್ಕೆ ಗೀಟು ಹಾಕಿದ, ಹತ್ತು ಗ್ರಾಂ ಎಂದು ಬರೆದ.

ಪಾಸಾಗಲು ಎರಡು ಅಂಕ ಕಡಿಮೆ ಬಿದ್ದವು. ಮ್ಯಾನೇಜರ್ ಕಿಶೋರ ಪೇಪರ್ ತೋರಿಸಿ ಹಿಂದಿಯಲ್ಲಿ ಕೇಳಿದ, ಗೀಟು ಹಾಕಿದ್ದೇ ಸರಿ ಇತ್ತಲ್ಲ, ಯಾಕೆ ಹೊಡೆದೆ? ಮುಂದಿನ ಪರೀಕ್ಷೆ ಇನ್ನೊಂದು ವರ್ಷಕ್ಕೆ.

ಅಣವೀರಪ್ಪ ನೇರ ಹೋಗಿ ಒಂದು ಖಾಲಿ ಆಕ್ಸಿಜನ್ ಸಿಲಿಂಡರನ್ನು ಯಂತ್ರದ ಮೇಲೆ ನಿಲ್ಲಿಸಿದ. ಐವತ್ತನಾಲ್ಕು ಕಿಲೊ. ಅದನ್ನೇ ತುಂಬಿಸಿ ತಂದು ಮತ್ತೆ ನಿಲ್ಲಿಸಿದ. ಅರವತ್ತನಾಲ್ಕು. ರಾಮಪ್ಪ ಬಗ್ಗಿ ನೋಡಿದ, ಈ ಸಲ ನಗಲಿಲ್ಲ.

"ಈ ಕೈ ಮೊದಲಿಂದ ಖರೇನ ಹೇಳತಿತ್ತೋ ರಾಮಪ್ಪ," ಅಂದ ಅಣವೀರಪ್ಪ. "ನಾ ನಿನ್ನ ನಗಿ ನಂಬಿದೆ."

ಟೆಂಪೊದವನು ಹಾರ್ನ್ ಹೊಡೆದ. ಅಣವೀರಪ್ಪ ಆ ಸಿಲಿಂಡರನ್ನೇ ವಾಲಿಸಿ, ತಿರುಗಿಸುತ್ತ ಹೊರಟ.