ಹೆಂಗಸರ ಕಡೆಯ ಬಾಗಿಲು

ನರಸಿಂಹರಾಜಪುರದ ಪೇಟೆಯಲ್ಲಿ ರವಿಕೆ ಹೊಲಿಯುವ ನೀಲಾಂಬಿಕೆಯಮ್ಮ ಮಿಷನ್ನನ್ನು ಹೊಸ್ತಿಲಿಗೆ ತಾಗಿಸಿಯೇ ಇಟ್ಟುಕೊಂಡವರು. ಮದುವೆಯೂಟದಲ್ಲಿ ಪಂಕ್ತಿಯ ತುದಿ, ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು. ಬಚ್ಚಲಿಗೂ ಚಿಲಕ ಹಾಕಿಕೊಳ್ಳುವುದಿಲ್ಲ. ಒಳಗಿನಿಂದ ಅವರು ಹಾಡುವ ವಚನ ಕೇಳಿಸಿದರೆ ಮನೆಯವರೇ ಅರ್ಥ ಮಾಡಿಕೊಂಡು ಹಿಂದಕ್ಕೆ ಹೋಗಬೇಕು.

ಅವರಿಗೆ ಏಳು ವರ್ಷವಾಗಿದ್ದಾಗ ಊರಿಗೊಂದು ಟೂರಿಂಗ್ ಟಾಕೀಸು ಬಂದಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ತಟ್ಟಿ. ಪಡ್ಡೆಗಳು ನುಗ್ಗಬಾರದೆಂದು ಹೆಂಗಸರ ಕಡೆಯ ಬಾಗಿಲಿಗೆ ಹೊರಗಿನಿಂದ ಚಿಲಕ. ನೀಲಾಂಬಿಕೆ ಹಟ ಮಾಡಿ ಅಪ್ಪನ ತೊಡೆ ಏರಿದ್ದಳು. ಸೋಗೆಯ ಮಾಡಿಗೆ ಬೆಂಕಿ ಹತ್ತಿದಾಗ ಅಪ್ಪ ಅವಳನ್ನೆತ್ತಿಕೊಂಡು ಹೊರಗೋಡಿದರು. ಅಕ್ಕ ಸರ್ವಮಂಗಳೆ ತಟ್ಟಿಯ ಆಚೆಗಿದ್ದಳು.

ಸತ್ತವರ ನೆನಪಿಗೆ ಊರವರು ವರ್ಷಕ್ಕೊಮ್ಮೆ ಸಮುದಾಯ ಭವನದಲ್ಲಿ ಸೇರಿ ಒಂದು ನಿಮಿಷ ಮೌನವಾಗಿ ನಿಲ್ಲುತ್ತಾರೆ. ಬಸ್ ಸ್ಟ್ಯಾಂಡಿನ ಗದ್ದಲ ಕೇಳಬಾರದೆಂದು ಆಗ ಗಂಡಸರ ಕಡೆಯದು, ಹೆಂಗಸರ ಕಡೆಯದು ಎರಡೂ ಬಾಗಿಲು ಹಾಕುತ್ತಾರೆ. ಅಷ್ಟರಲ್ಲಿ ನೀಲಾಂಬಿಕೆ ಎದ್ದು ಹೋಗಿರುತ್ತಾರೆ. ಯಾಕೆಂದು ಯಾರಿಗೂ ಹೇಳಿದವರಲ್ಲ. ಅಕ್ಕನಿಗಾಗಿ ಒಂದು ನಿಮಿಷ ಇರಲಾಗದ ಜನ್ಮ ಎಂದು ಮನೆಗೆ ಬಂದು ಅಳುತ್ತಾರೆ. ಈ ಸಲ ಇದ್ದೇ ತೀರಬೇಕೆಂದು ಹೊರಟಿದ್ದರು.

"ಅಮ್ಮ, ಇವತ್ತು ಓಡ್ಬೇಡಿ ಮತ್ತೆ. ಉಪ್ಪಿಟ್ಟು ಮಾಡ್ಸಿದೀನಿ" ಎಂದ, ಸಭೆಯ ಉಸ್ತುವಾರಿ ಹೊತ್ತ ಮೇಷ್ಟ್ರ ಕೆಲಸದ ಹುಡುಗ ಉಜ್ವಲ್.

"ನಿನ್ನ ಉಪ್ಪಿಟ್ಟಿಗೆ ಹೆದರ್ಕೊಂಡೇ ಓಡೋದು ಮಾರಾಯ!"

ನಕ್ಕರು. ಕೈ ಮಾತ್ರ ಸೆರಗಿನ ಅಂಚನ್ನು ಹಿಂಡುತ್ತಲೇ ಇತ್ತು.

ಎಲ್ಲರೂ ಎದ್ದುನಿಂತರು. ಬಾಗಿಲು ಮುಚ್ಚಿತು, ಚಿಲಕ ಬಿತ್ತು. ನೀಲಾಂಬಿಕೆ ಕಣ್ಣು ಮುಚ್ಚಿ ಅಕ್ಕನ ಮುಖ ನೆನೆಯಲು ನೋಡಿದರು. ಕಂಡದ್ದು ಬರೀ ಮುಚ್ಚಿದ ಬಾಗಿಲ ಹಲಗೆ. ಕುರ್ಚಿ ಸರಿಸಿಕೊಂಡು ಹೋಗಿ ಚಿಲಕ ತೆಗೆದೇಬಿಟ್ಟರು. ಆದರೆ ಹೊಸ್ತಿಲು ದಾಟಲಿಲ್ಲ.

"ಒಂದ್ನಿಮಿಷ ಸುಮ್ನಿರಕ್ಕಾಗಲ್ವಾ ನೀಲಮ್ಮ ನಿಂಗೆ?" ಜಯದೇವಪ್ಪ ಗಂಡಸರ ಕಡೆಯಿಂದ ಗದರಿದರು. ಅವರ ತಾಯಿಯೂ ಆ ಬೆಂಕಿಯಲ್ಲೇ ಹೋದವರು.

"ಬಾಗ್ಲು ಹಾಕ್ಕೊಂಡು ನೆನೆಸ್ಕೊಳ್ತೀರಲ್ಲ ಮಾರಾಯ್ರೇ! ಹಾಕಿದ್ದಕ್ಕೇ ಅಲ್ವಾ ಅವ್ರು ಹೋಗಿದ್ದು?"

ಜಯದೇವಪ್ಪ ತಮ್ಮ ಕಡೆಯ ಬಾಗಿಲಿನತ್ತ ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ, "ಉಜ್ವಲಾ, ಈ ಕಡೇದೂ ತೆಗಿ. ಮೊದ್ಲಿಂದ ಶುರು ಮಾಡು" ಎಂದರು.

ಹೊರಗೆ ಕಂಡಕ್ಟರ್ "ಕೊಪ್ಪ, ಕೊಪ್ಪ, ಶೃಂಗೇರಿ" ಎಂದು ಕೂಗುತ್ತಿದ್ದ. ನೀಲಾಂಬಿಕೆ ಬಾಗಿಲಿಗೆ ಅಂಗೈ ಒತ್ತಿಕೊಂಡು ನಿಂತರು. ಮತ್ತೆ ಕಣ್ಣು ಮುಚ್ಚಿದರು. ಎಲ್ಲೋ ಎರಡು ಜಡೆ ಕಂಡಿತು, ಒಂದು ಹಣೆ.

"ಆಯ್ತು, ಎಲ್ರೂ ಕೂತ್ಕೊಳ್ಳಿ" ಎಂದ ಉಜ್ವಲ್.

"ಸ್ವಲ್ಪ ತಡಿ ಮಾರಾಯ" ಎಂದರು ನೀಲಾಂಬಿಕೆ, ಕಣ್ಣು ತೆರೆಯದೆ. "ಅಕ್ಕ ಈಗ ಬರ್ತಿದಾಳೆ."